ಪ್ರಶ್ನೆ ನಾಕು, ಹತ್ತು ಅಂಕ

ಜುಬಿಲಿ ಸರ್ಕಲ್ಲಿನಾಗ ಚಿಗರಿ ಹತ್ತಿ
ಖಿಡಕಿ ಸೀಟು ಸಿಕ್ಕರ ಸಾಕು,
ಉಣಕಲ್ ಬರೂದ್ರೊಳಗ ಆರು ಪೇಪರ್ ತಿದ್ದತೀನಿ.
ಕರಿ ಕೋಟು ಮಡಚಿ ತೊಡಿ ಮ್ಯಾಲೆ,
ಅದರ ಮ್ಯಾಲೆ ಮೂರನೇ ವರ್ಷದ ಕಟ್ಟು.
ಟೋಲ್ ನಾಕಾದಾಗ ಬ್ರೇಕ್ ಬಿದ್ದರ
ಕೆಂಪು ಗೆರಿ, ಪಾಪ, ಯಾರದೋ ಸರಿ ಉತ್ತರದ ಮ್ಯಾಲೆ ಹೋಗತದ.

ಪ್ರಶ್ನೆ ನಾಕು: ಪರದೇಶಿ ಅಂದರೆ ಯಾರು? ವಿವರಿಸಿರಿ.
ಎಲ್ಲಾರೂ ಗೈಡಿನಾಗಿಂದ ಇಳಿಸ್ಯಾರ,
ಭಾರತದ ಪೌರ ಅಲ್ಲದವ.
ಕೀ ಪ್ರಕಾರ ಇದಕ್ಕ ಎಂಟು.
ಒಬ್ಬಾವ ಮಾತ್ರ, ನಂಬರಿನ ಕಡೀಕ ಹದಿನೇಳು,
ಒಂದ ಸಾಲು ಬರದು ಉಳಿದ ಹಾಳಿ ಖಾಲಿ ಬಿಟ್ಟಾನ:
‘ನಮ್ಮೂರಾಗ ಪರದೇಶಿ ಅಂದ್ರ ಯಾರೂ ಇಲ್ಲದಾವ.’

ನಮ್ಮವ್ವನೂ ಹಿಂಗ ಅಂತಿದ್ದಳು.
ಕಮಡೊಳ್ಳ್ಯಾಗ ನೆಂಟರ ಪಂಕ್ತಿಯೊಳಗ ನಾ ಹಿಂದ ಸರದರ
‘ಯಾಕ ಪರದೇಶಿ ಹಂಗ ನಿಂತಿ, ಬಾ ಕೂಡು.’
ತಾಟಿನ ಬಾಜೂಕ ಸಿಕ್ಕ ಶಬ್ದ ಅದು.
ಮುಂದ ಕಾಯ್ದೆ ಪುಸ್ತಕದಾಗ ಭೆಟ್ಟಿ ಆದಾಗ
ನನಗ ಗುರುತ ಹತ್ತಲಿಲ್ಲ.

ಇಪ್ಪತ್ತೊಂಬತ್ತು ವರ್ಷ.
ಜೋಡಿ ವಕೀಲರು ಹೊಲದ ವಾಟ್ನಿ, ಚೆಕ್ ಬೌನ್ಸು ಹಿಡದು
ಮಹಡಿ ಮ್ಯಾಲೆ ಮಹಡಿ ಕಟ್ಟಿಸಿದರು.
ನನ್ನ ಕಡೆ ಬಂದವರು ಪಾಸ್‌ಪೋರ್ಟ್ ಫೋಟೋದಂಥ ಮಂದಿ,
ಎರಡೂ ಕಿವಿ ಕಾಣಬೇಕು, ನಗಬಾರದು.
ಸುಡಾನದ ಒಬ್ಬ ಹುಡುಗನ ವೀಸಾ ಮುಗೀತು,
ನಮ್ಮ ಯುನಿವರ್ಸಿಟಿ ರಿಸಲ್ಟು ಮುಗೀಲಿಲ್ಲ.

ಪಾಸಂಗ್ ಬುಟಿ ಸ್ವೆಟರ್ ಮಾರಾಕಿ,
ಮುಂಡಗೋಡ ಕ್ಯಾಂಪಿನಾಗ ಎಪ್ಪತ್ನಾಕರಾಗ ಹುಟ್ಟಿದಾಕಿ.
ಎಂಬತ್ತೇಳರ ಜುಲೈಕ್ಕಿಂತ ಮೊದಲ
ಈ ಮಣ್ಣಿನಾಗ ಹುಟ್ಟಿದರ ಸಾಕು, ಪೌರರ. ಬರದದ.
ಬರದದ್ದನ್ನ ಓದಿಸಾಕ ನಾಕು ವರ್ಷ ಹಿಡೀತು.
ವಿಚಾರಣಾದಾಗ ಸಾಹೇಬರು ದುಭಾಷಿ ಕರೀರಿ ಅಂದರ
ಪಾಸಂಗ್ ನಿಂತಲ್ಲೇ ಅಂದಳು,
‘ನನಗ್ಯಾಕ್ರಿ? ನಿಮ್ಮ ಇಂಗ್ಲೀಷ್ ಕಾಗದ ತಿಳೀವಲ್ದು,
ಅದಕ್ಕೊಬ್ಬರನ್ನ ಕರೀರಿ.’
ಕಚೇರಿಗೆ ಕಚೇರಿನ ನಕ್ಕಿತು. ಆದೇಶ ಬರಾಕ
ಮತ್ತ ಹನ್ನೊಂದು ತಿಂಗಳು.
ಈಗ ದೀಪಾವಳಿಗೊಂದು ಮಫ್ಲರ್ ಕಳಸತಾಳ.
ಹಾಕ್ಕೊಂಡು ಬೆವರತೀನಿ.

ನವಲೂರಾಗ ಪೇರಲ ಬುಟ್ಟಿ ಹತ್ತಿದವು. ಬಸ್ಸೆಲ್ಲಾ ವಾಸನಿ.

ಹಫೀಜಾಬಿ ಫೈಲು ಬ್ಯಾರೆ ಕಪಾಟಿನಾಗದ.
ಗಣೇಶಪ್ಯಾಟಿಯೊಳಗ ಹುಟ್ಟಿ, ಲಗ್ನಾಗಿ ಕರಾಚಿಗೆ ಹೋಗಿ,
ಗಂಡ ತೀರಿದ ಮ್ಯಾಲೆ ತವರಿಗೆ ವೀಸಾ ತಗೊಂಡು ಬಂದಾಕಿ.
ವರ್ಷಾ ವರ್ಷಾ ಮುದತು, ವರ್ಷಾ ವರ್ಷಾ ಅದ ಕಾಲಮ್ಮು:
ಬಂದ ಉದ್ದೇಶ?
ಮೊದಮೊದಲ ‘ಅಣ್ಣನ ಮನಿ’ ಅಂತ ಬರಸತಿದ್ದಳು.
ಅಣ್ಣ ಹೋದ ವರ್ಷ ಭಾಳೊತ್ತು ವಿಚಾರ ಮಾಡಿ,
‘ನೀರು ಅಂತ ಬರಿ. ಅಲ್ಲೀ ನೀರಿಗೆ ಬ್ಯಾಳಿ ಬೇಯೂದಿಲ್ಲ.’
ಅಜ್ಜಿ, ಇಲ್ಲಿ ನಳ ಎಂಟು ದಿನಕ್ಕೊಮ್ಮೆ ಬರತದ, ಅಂದೆ.
‘ಕಾಯತೀನಿ.’
ಮಂಟೂರ ರಸ್ತಾದಾಗ ಮಣ್ಣು ಕೊಟ್ಟ ಒಂಬತ್ತನೇ ದಿನ
ಠಾಣೆಯಿಂದ ಫೋನು: ಮುದತು ಮುಗದದ, ಹಾಜರಾಗಬೇಕು.
ಗೈರು, ಅಂದೆ,
ಕ್ಲಾಸಿನಾಗ ಹಾಜರಿ ಕರದಂಗ.

ಕ್ಲಾಸಿನಾಗ ಇಷ್ಟ ಹೇಳತೀನಿ:
ಖೂನಿ ಕೇಸಿನಾಗ ಪುರಾವೆ ಸರಕಾರ ತರಬೇಕು.
ಇಲ್ಲಿ ನೀವ ತರಬೇಕು, ನೀವು ಇಲ್ಲ್ಯವರ ಅನ್ನೂದಕ್ಕ.
ಹಿಂದಿನ ಬೆಂಚಿಗೆ ನಿದ್ದಿ. ಮುಂಜಾನೆ ಏಳೂವರಿ, ಅವರದೇನು ತಪ್ಪು.

ಉಣಕಲ್ ಬಂತು.
ಹದಿನೇಳಕ್ಕ ಅಂಕ ಹಾಕದ ಇಳದೆ.
ಹೊರಗ ಹೋಗಾಕ ಗೇಟಿಗೆ ಟಿಕೀಟು ತೋರಸಬೇಕು.
ಕೋಟಿನಾಗಿಲ್ಲ. ಪರ್ಸಿನಾಗಿಲ್ಲ.
ಗಾರ್ಡ್ ಹುಡುಗ ಬಂದ, ‘ಎಲ್ಲಿಂದ ಬಂದ್ರಿ ಅಕ್ಕಾರ?’
ಧಾರವಾಡದಿಂದಪಾ.
‘ಅದಕ್ಕೇನರ ಐತೇನ್ರಿ?’

ಹಿಂದ ಸಾಲು ಬೆಳೀತದ.
ಕಟ್ಟು ಬಿಚ್ಚಿ ಒಂದೊಂದ ಹಾಳಿ ಝಾಡಸತೀನಿ.
ಹೆಂಗ ನಿಂತೀನಿ ನೋಡವ್ವಾ.